ಮಳೆನಾಡಿನ ಶೆಡ್ಡಿನಲ್ಲಿ ನಿಂತ ಕಾರು: ಮೇಲ್ತುಕ್ಕು ತೆಗೆಯುವ ಬಗೆ

ಮೇಲ್ತುಕ್ಕು ಎಂದರೆ ತಗಡಿನ ಹೊರಮೈಯಲ್ಲಷ್ಟೇ ಕೂತಿರುವ, ಒಳಕ್ಕೆ ಇನ್ನೂ ಇಳಿಯದ ತುಕ್ಕು. ಬೆರಳಿನಿಂದ ಉಜ್ಜಿದರೆ ಕೆಂಗಂದು ಪುಡಿ ಕೈಗೆ ಹತ್ತುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ಸದ್ದು ಬರುತ್ತದೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಹಳೆಯ ಕಾರಿನ ಮಡ್‌ಗಾರ್ಡಿನ ಅಂಚು, ಬಾಗಿಲಿನ ಕೆಳತುದಿ, ಡಿಕ್ಕಿಯ ಕೀಲು, ಬಣ್ಣ ಚಕ್ಕೆಯೆದ್ದ ಜಾಗ, ಇಲ್ಲೆಲ್ಲ ಇದು ಮೊದಲು ಕಾಣಿಸುತ್ತದೆ. ಈ ಹಂತದಲ್ಲಿ ಹಿಡಿದರೆ ಟಿಂಕರಿಂಗ್ ಬೇಕಿಲ್ಲ, ವೆಲ್ಡಿಂಗ್ ಬೇಕಿಲ್ಲ, ಗಾಡಿಯನ್ನು ಲಾರಿಗೇರಿಸಿ ಮೈಸೂರಿಗೆ ಸಾಗಿಸಬೇಕಿಲ್ಲ. ಮನೆಯಂಗಳದಲ್ಲೇ ಮುಗಿಯುವ ಕೆಲಸ. ಬೇಕಾಗುವ ಸಾಮಾನು ಗೋಣಿಕೊಪ್ಪದ ಯಾವುದೇ ಹಾರ್ಡ್‌ವೇರ್ ಅಥವಾ ಪೇಂಟ್ ಅಂಗಡಿಯಲ್ಲಿ ಸಿಗುವಂಥದ್ದು. ಅಂಗಡಿಯಲ್ಲಿ ಸಿಗದ ಒಂದೇ ಒಂದು ವಸ್ತುವೆಂದರೆ ಒಣಹವೆ. ದಕ್ಷಿಣ ಕೊಡಗಿನಲ್ಲಿ ಈ ಕೆಲಸ ಕೆಡುವುದು ಉಜ್ಜುವುದರಲ್ಲಿ ಅಲ್ಲ, ಹೆಚ್ಚಾಗಿ ಒಣಗಿಸುವುದರಲ್ಲಿ.

ಈ ಸೀಮೆಯ ಶ್ರೀಮಂಗಲವನ್ನೇ ತೆಗೆದುಕೊಳ್ಳಿ. ಅದು ಪೊನ್ನಂಪೇಟೆ ತಾಲೂಕಿನ ಹೋಬಳಿ ಕೇಂದ್ರ. ಬ್ರಹ್ಮಗಿರಿ ಸಾಲಿನ ಬುಡ. ಇರ್ಪು ಜಲಪಾತವೂ ಲಕ್ಷ್ಮಣತೀರ್ಥ ನದಿಯೂ ಹತ್ತಿರದಲ್ಲೇ. ಕುಟ್ಟ ದಾಟಿದರೆ ಕೇರಳದ ವಯನಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಯಲ್ಲಿನ ತೇವಾಂಶ ಎಷ್ಟೋ ದಿನ ಶೇ 90ರ ಕೆಳಗೆ ಇಳಿಯುವುದೇ ಇಲ್ಲ. ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಬೂಷ್ಟು ಬರುವ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುವ ಕಾಲವದು. ಇಂಥ ಹವೆಯಲ್ಲೂ ಹಳೆಯ ವಾಹನಗಳನ್ನು ಮಾರದೆ ಇಟ್ಟುಕೊಳ್ಳುವ ಅಭ್ಯಾಸ ತೋಟದ ಮನೆಗಳಲ್ಲಿ ಬೇರೂರಿದೆ. ತೋಟದ ಕಡಿದಾದ ಮಣ್ಣುದಾರಿಗೆ ಫೋರ್ ವೀಲ್ ಜೀಪು ಬೇಕೇ ಬೇಕಾಗಿತ್ತು. ಸೇನೆಯಿಂದ ನಿವೃತ್ತರಾಗಿ ಬಂದವರಿಗಂತೂ ಜೀಪು ಕೈಗೆ ಪಳಗಿದ ಗಾಡಿ. ಮಹೀಂದ್ರಾ ಸಂಸ್ಥೆ 1947ರಲ್ಲಿ ವಿಲ್ಲೀಸ್ ಜೀಪಿನ ಜೋಡಣೆಗೆ ಕೈಹಾಕಿದ ಮೇಲೆ ಅದರ ಬಗೆಬಗೆಯ ರೂಪಗಳು ಕಾಫಿ ತೋಟಗಳಿಗೆ ಬಂದವು. ಊರಿಗೆ, ಮದುವೆಗೆ, ಸಂತೆಗೆ ಉತ್ತರಪಾರಾದ ಅಂಬಾಸಿಡರ್, ಮುಂಬೈಯ ಪ್ರೀಮಿಯರ್ ಪದ್ಮಿನಿ, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿ ಅದಕ್ಕೂ ಮೊದಲೇ ಹೋಯಿತು. ಇವುಗಳ ಅಸಲಿ ಬಾಗಿಲು, ಬಾನೆಟ್, ಮಡ್‌ಗಾರ್ಡುಗಳನ್ನು ಈಗ ಹುಡುಕಿ ತರುವುದು ಕಷ್ಟ. ಇರುವ ತಗಡನ್ನೇ ಉಳಿಸಿಕೊಳ್ಳಬೇಕು.

ಆ ತಗಡಾದರೂ ಬರೀ ಉಕ್ಕು. ಈಗಿನ ಹಲವು ಕಾರುಗಳ ಹೊರಮೈಗೆ ಬಣ್ಣದಡಿಯಲ್ಲಿ ಸತುವಿನ ಲೇಪವಿರುತ್ತದೆ. ಆ ಕಾಲದ ಗಾಡಿಗಳಿಗೆ ಪ್ರೈಮರ್ ಮತ್ತು ಬಣ್ಣ ಬಿಟ್ಟರೆ ಬೇರೆ ಕಾವಲಿರಲಿಲ್ಲ. ತಗಡಿನ ದಪ್ಪ ಒಂದು ಮಿಲಿಮೀಟರ್ ಆಸುಪಾಸು. ತುಕ್ಕಿಗೂ ತೂತಿಗೂ ನಡುವೆ ಇರುವ ಜಾಗ ಅಷ್ಟೇ.

ತುಕ್ಕು ಹುಟ್ಟಲು ಕಬ್ಬಿಣ, ಆಮ್ಲಜನಕ, ನೀರು ಮೂರೂ ಸೇರಬೇಕು. ಸುರಿಯುವ ನೀರೇ ಬೇಕೆಂದಿಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾದ ತೇವದ ಪೊರೆ ಸಾಕು. ಗಾಳಿಯ ತೇವಾಂಶ ಶೇ 60 ದಾಟುತ್ತಿದ್ದಂತೆ ಅಂಥ ಪೊರೆ ಕಬ್ಬಿಣದ ಮೇಲೆ ನಿಲ್ಲತೊಡಗುತ್ತದೆ, ಶೇ 80ರ ಮೇಲೆ ತುಕ್ಕಿನ ವೇಗ ಬಹಳ ಹೆಚ್ಚುತ್ತದೆ. ಲೋಹದ ಒಂದು ಭಾಗ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಕರಗುತ್ತದೆ, ಪಕ್ಕದ ಭಾಗದಲ್ಲಿ ಆಮ್ಲಜನಕ ಅವನ್ನು ಪಡೆಯುತ್ತದೆ. ಒಂದೇ ತಗಡಿನ ಮೇಲೆ ಸಾವಿರಾರು ಸಣ್ಣ ಬ್ಯಾಟರಿಗಳು ಕೆಲಸ ಮಾಡುತ್ತವೆ. ಕೊನೆಗೆ ಉಳಿಯುವುದು ನೀರಿನಂಶವುಳ್ಳ ಕಬ್ಬಿಣದ ಆಕ್ಸೈಡ್. ಅದು ತಾನು ನುಂಗಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಪಕ್ಕದ ಬಣ್ಣವನ್ನು ಅಡಿಯಿಂದ ಎಬ್ಬಿಸಿ ಗುಳ್ಳೆ ಮಾಡುತ್ತದೆ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಬಿಗಿಯಾಗಿ ಕೂತು ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲು, ತೇವ ಹೀರಿ ಹಿಡಿದಿಟ್ಟುಕೊಳ್ಳುವಂಥದ್ದು. ಹಾಗಾಗಿ ತುಕ್ಕು ಇದ್ದಲ್ಲೇ ತುಕ್ಕು ಹೆಚ್ಚುತ್ತದೆ.

ಶೆಡ್ಡಿನೊಳಗೆ ಮಳೆ ಬೀಳುವುದಿಲ್ಲ, ಆದರೂ ಕಾರು ಒದ್ದೆಯಾಗುತ್ತದೆ. ರಾತ್ರಿಯ ಚಳಿಗೆ ತಣ್ಣಗಾದ ಲೋಹ ಬೆಳಿಗ್ಗೆ ಬೇಗ ಬಿಸಿಯಾಗುವುದಿಲ್ಲ. ಮಳೆ ನಿಂತು ಬಿಸಿಲು ಬಂತೆಂದು ಬಾಗಿಲು ತೆರೆದರೆ ಹೊರಗಿನ ಬೆಚ್ಚನೆಯ ತೇವದ ಗಾಳಿ ಒಳಗೆ ನುಗ್ಗಿ, ತಣ್ಣನೆಯ ಬಾನೆಟ್ಟಿನ ಮೇಲೆ ಬೆವರಿನಂತೆ ನೀರಾಗಿ ಇಳಿಯುತ್ತದೆ. ಗಾಡಿಗೆ ಒಳ್ಳೆಯದಾಗಲಿ ಎಂದು ಮಾಡುವ ಕೆಲಸವೇ ಅದನ್ನು ಒದ್ದೆ ಮಾಡುವ ಬಗೆ ಇದು. ಮಣ್ಣಿನ ನೆಲದಿಂದ ಏಳುವ ತೇವ, ಪ್ಲಾಸ್ಟಿಕ್ ಟಾರ್ಪಾಲಿನಡಿ ಸಿಕ್ಕಿಬಿದ್ದ ತೇವ, ಇವೂ ಜೊತೆಗೂಡುತ್ತವೆ.

ತೋಟದ ಮನೆಗಳ ಶೆಡ್ಡಿಗೆ ಇನ್ನೆರಡು ಕಾಟಗಳಿವೆ. ಗೊಬ್ಬರದ ಚೀಲಗಳನ್ನು ಕಾರಿನ ಪಕ್ಕದಲ್ಲೇ ಪೇರಿಸುವುದುಂಟು. ಅದರಲ್ಲಿನ ಪೊಟ್ಯಾಷ್ ಎಂಬುದು ಪೊಟ್ಯಾಸಿಯಂ ಕ್ಲೋರೈಡ್; ಅಡುಗೆ ಉಪ್ಪಿನ ಹತ್ತಿರದ ನೆಂಟ. ಅದರ ಧೂಳು ಕೂತ ಕಡೆ ಕಡಲ ತೀರದ ಹವೆ ಇದ್ದಂತೆಯೇ ಸರಿ. ಎರಡನೆಯದು ಬೋರ್ಡೋ ದ್ರಾವಣ. ಕಾಫಿಗೂ ಅಡಿಕೆಗೂ ಮುಂಗಾರಿನ ಮೊದಲು ಸಿಂಪಡಿಸುವ ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣ ಹದವಾಗಿದೆಯೇ ಎಂದು ನೋಡಲು ತೋಟದವರು ಅದರಲ್ಲಿ ಕಬ್ಬಿಣದ ಚಾಕು ಅದ್ದಿ ಪರೀಕ್ಷಿಸುತ್ತಾರೆ. ಸುಣ್ಣ ಸಾಲದೆ ಇದ್ದರೆ ಚಾಕಿಗೆ ಕೆಂಪಗೆ ತಾಮ್ರ ಮೆತ್ತಿಕೊಳ್ಳುತ್ತದೆ. ತಾಮ್ರ ಮೆತ್ತಿಕೊಂಡಷ್ಟೂ ಕಬ್ಬಿಣ ಕರಗಿರುತ್ತದೆ. ಮೈಲುತುತ್ತದ ನೀರು ಸಿಡಿದ ಜೀಪಿನ ಮಡ್‌ಗಾರ್ಡಿನ ಮೇಲೆ ನಡೆಯುವುದೂ ಇದೇ. ಮೆತ್ತಿದ ತಾಮ್ರ ಅಲ್ಲೇ ಉಳಿದು ಸುತ್ತಲಿನ ಕಬ್ಬಿಣವನ್ನು ಇನ್ನಷ್ಟು ಬೇಗ ತಿನ್ನಿಸುತ್ತದೆ. ಸ್ಪ್ರೇಯರ್, ಡ್ರಮ್ಮು, ಗೊಬ್ಬರ ಮೂರನ್ನೂ ಬೇರೆ ಕೋಣೆಗೆ ಹಾಕುವುದು ತುಕ್ಕು ತೆಗೆಯುವ ಕೆಲಸದ ಮೊದಲ ಹೆಜ್ಜೆ ಎಂದರೆ ತಪ್ಪಲ್ಲ.

ಮೊದಲು ನೋಟ, ಆಮೇಲೆ ಕೈ

ಕಾರನ್ನು ತೊಳೆದು ಒಣಗಿಸದೆ ತುಕ್ಕಿನ ಅಂದಾಜು ಸಿಗುವುದಿಲ್ಲ. ಧೂಳಿನ ಮೇಲೆ ಒಣಬಟ್ಟೆ ಹಾಕಿ ಉಜ್ಜಿದರೆ ಬಣ್ಣಕ್ಕೆ ಗೀರು ಬೀಳುತ್ತದೆ; ಧಾರಾಳ ನೀರು, ಸೌಮ್ಯ ಶಾಂಪೂ, ಮೆತ್ತನೆಯ ಬಟ್ಟೆ ಸಾಕು. ಬಾನೆಟ್ಟಿಗೂ ಗಾಜಿಗೂ ನಡುವಿನ ಕಂದಕದಲ್ಲಿ, ಬಾಗಿಲಿನ ಕೆಳಗಿನ ನೀರು ಸೋರುವ ಕಿಂಡಿಗಳಲ್ಲಿ ಸಿಲ್ವರ್ ಓಕಿನ ಎಲೆ, ಇಲಿ ತಂದಿಟ್ಟ ಕಸ ತುಂಬಿರುವುದು ಸಾಮಾನ್ಯ. ಅದನ್ನು ಕಡ್ಡಿಯಿಂದ ಕೆದಕಿ ತೆಗೆಯಬೇಕು. ಒದ್ದೆ ಎಲೆ ಕೂತ ಕಡೆಯೇ ತೂತು ಬೀಳುವುದು.

ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಪರೀಕ್ಷೆ. ಕಂದು ಕಲೆಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಬಣ್ಣದ ಮೇಲಷ್ಟೇ ಕೂತ ಕಲೆಗಳು: ಶೆಡ್ಡಿನ ತುಕ್ಕು ಹಿಡಿದ ಶೀಟಿನಿಂದ ತೊಟ್ಟಿಕ್ಕಿದ ನೀರು, ಪಕ್ಕದಲ್ಲಿ ಗ್ರೈಂಡರ್ ಹಿಡಿದಾಗ ಸಿಡಿದ ಕಬ್ಬಿಣದ ಕಿಡಿ. ಇವುಗಳ ಅಡಿಯಲ್ಲಿ ಬಣ್ಣ ಮುರಿದಿರುವುದಿಲ್ಲ. ರಬ್ಬಿಂಗ್ ಕಾಂಪೌಂಡಿಗೆ ಹೋಗಿಬಿಡುತ್ತವೆ. ಎರಡನೆಯದು ಬಣ್ಣ ಕಿತ್ತು ಬರಿಮೈ ಕಂಡ ಜಾಗದ ಮೇಲ್ತುಕ್ಕು. ಈ ಬರಹ ಮುಖ್ಯವಾಗಿ ಅದರದ್ದು. ಮೂರನೆಯದು ಪದರ ಪದರವಾಗಿ ಏಳುವ, ಉಜ್ಜಿದರೆ ಕೆಳಗೆ ಸಣ್ಣ ಕುಳಿಗಳು ಕಾಣುವ ತುಕ್ಕು. ಬಣ್ಣದಡಿಯ ಗುಳ್ಳೆಗಳಂತೂ ಮೋಸದವು. ಮೇಲ್ನೋಟಕ್ಕೆ ಸಾಸಿವೆ ಗಾತ್ರ, ಒಡೆದರೆ ಅದಕ್ಕಿಂತ ಎಷ್ಟೋ ಅಗಲ. ಹಲವು ಸಲ ಒಳಗಡೆಯಿಂದ ತಿಂದು ಹೊರಗೆ ಬಂದ ತುಕ್ಕಿನ ಗುರುತು ಅದು.

ಅನುಮಾನ ಬಂದ ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿ ನೋಡಬೇಕು. ತಗಡು ಬಗ್ಗಿದರೆ, ಕರಕರ ಎಂದರೆ ಅದು ಮನೆಯ ಕೆಲಸವಲ್ಲ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಇನ್ನೊಂದು ಒಳ್ಳೆಯ ಸಾಧನ. ಎಲ್ಲೆಡೆ ಹಿಡಿದು ಒಂದು ಕಡೆ ಹಿಡಿಯದಿದ್ದರೆ ಅಲ್ಲಿ ಹಿಂದೆಂದೋ ಯಾರೋ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಚಾಸಿ, ಸ್ಪ್ರಿಂಗ್ ಕೂರುವ ಜಾಗ, ಸ್ಟೇರಿಂಗ್ ಬಾಕ್ಸ್ ಬಿಗಿದಿರುವ ಜಾಗ, ಬ್ರೇಕ್ ಪೈಪು, ಇವುಗಳಲ್ಲಿ ಕುಳಿಬಿದ್ದ ತುಕ್ಕು ಕಂಡರೆ ಮೆಕ್ಯಾನಿಕ್ಕಿಗೆ ತೋರಿಸದೆ ಗಾಡಿ ರಸ್ತೆಗಿಳಿಸುವಂತಿಲ್ಲ.

ಎಷ್ಟು ತೆಗೆಯಬೇಕು ಎಂಬುದೂ ಇಲ್ಲೇ ತೀರ್ಮಾನವಾಗಬೇಕು. ಅಂಗೈಯಗಲದ ತುಕ್ಕಿಗೆ ಇಡೀ ಬಾಗಿಲಿನ ಬಣ್ಣ ಕೀಳುವ ಉತ್ಸಾಹ ಅನೇಕರಿಗಿದೆ. ಹಳೆಯ ಗಾಡಿಯ ಬೆಲೆ ಇರುವುದು ಅಸಲಿತನದಲ್ಲಿ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ, ವಾಣಿಜ್ಯ ಬಳಕೆಯಲ್ಲಿಲ್ಲದ ವಾಹನಗಳಿಗೆ ವಿಂಟೇಜ್ ಎಂದು ‘ವಿಎ’ ಅಕ್ಷರವುಳ್ಳ ಪ್ರತ್ಯೇಕ ನೋಂದಣಿ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ದುರಸ್ತಿ, ಇಂಧನ ತುಂಬಿಸುವುದು ಇಂಥವಕ್ಕಷ್ಟೇ ರಸ್ತೆಗೆ ತರಬಹುದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಿದವರಿಗೆ ಗೊತ್ತು, ಹೊಸದರಂತೆ ಹೊಳೆಯುವ ಗಾಡಿಗಿಂತ ತನ್ನ ಕಾಲದ ಬಣ್ಣವನ್ನೇ ಹೊತ್ತ ಗಾಡಿಗೆ ಬೇರೆಯದೇ ತೂಕ. ತುಕ್ಕು ಹೋಗುವಷ್ಟು ಉಜ್ಜಿ ನಿಲ್ಲಿಸುವುದೇ ಜಾಣತನ.

ಯಾವ ತಿಂಗಳು?

ಸೆಪ್ಟೆಂಬರಿನ ಮೊದಲ ವಾರ ಕೈಲ್‌ಪೊಳ್ದ್ ಹಬ್ಬಕ್ಕೆ ಕೊಡವರ ಮನೆಗಳಲ್ಲಿ ಕೋವಿ, ಕತ್ತಿಗಳನ್ನು ಶುಚಿಮಾಡಿ, ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಮಳೆಗಾಲದ ನಡುವೆ ಕಬ್ಬಿಣವನ್ನು ಒರೆಸಿದ ಕೂಡಲೇ ಎಣ್ಣೆ ಸವರಬೇಕೆಂಬುದು ಕೋವಿ ಇಟ್ಟುಕೊಂಡ ಯಾರಿಗೂ ಹೇಳಿಕೊಡಬೇಕಿಲ್ಲ. ಹಬ್ಬದ ಹುರುಪಿನಲ್ಲಿ ಶೆಡ್ಡಿನ ಜೀಪಿನ ತುಕ್ಕನ್ನೂ ತೆಗೆಯೋಣ ಎನಿಸಬಹುದು, ಆದರೆ ಅದು ತಪ್ಪು ಸಮಯ. ಎಣ್ಣೆ ಸವರಿದ ಕೋವಿಯನ್ನು ಮರುದಿನ ಮತ್ತೆ ಒರೆಸಬಹುದು. ತೇವದ ಮೇಲೆ ಬಳಿದ ಪ್ರೈಮರನ್ನು ಹಾಗೆ ಮಾಡಲಾಗದು. ಅದು ತೇವವನ್ನು ತನ್ನಡಿಯಲ್ಲಿ ಮುಚ್ಚಿಟ್ಟುಕೊಂಡು ವರ್ಷದೊಳಗೆ ಗುಳ್ಳೆಯಾಗಿ ತಿರುಗಿಸಿಕೊಡುತ್ತದೆ.

ಬಣ್ಣ ಬಳಿಯುವ ಉದ್ದಿಮೆಯಲ್ಲಿ ಒಪ್ಪಿತವಾದ ಲೆಕ್ಕವೊಂದಿದೆ: ತೇವಾಂಶ ಶೇ 85ಕ್ಕಿಂತ ಕಡಿಮೆಯಿರಬೇಕು, ಲೋಹದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಶ್ರೀಮಂಗಲದ ಮಟ್ಟಿಗೆ ಇದನ್ನು ಸರಳವಾಗಿ ಹೇಳುವುದಾದರೆ, ಜನವರಿಯಿಂದ ಮಾರ್ಚ್ ನಡುವೆ, ಮಂಜು ಕರಗಿ ಬಿಸಿಲು ಬಲಿತ ಮೇಲೆ, ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕರೊಳಗೆ. ತೊಂದರೆಯೆಂದರೆ ಅದೇ ತಿಂಗಳುಗಳಲ್ಲಿ ಕಾಫಿ ಕೊಯ್ಲು. ಕಣದಲ್ಲಿ ಕಾಫಿ ಹರಡಿರುವಾಗ ಕಾರಿಗೆ ಬಿಡುವು ಯಾರಿಗೆ? ರೊಬಸ್ಟಾ ಕೊಯ್ಲು ಮುಗಿದು ಹೂಮಳೆ ಇನ್ನೂ ಬರದ ನಡುವಿನ ದಿನಗಳೇ ಹೆಚ್ಚು ಅನುಕೂಲ. ಶೆಡ್ಡಿನ ಗೋಡೆಗೆ ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮಾಪಕವೊಂದನ್ನು ತೂಗುಹಾಕಿದರೆ ಊಹೆಯ ಅಗತ್ಯವಿಲ್ಲ.

ಉಜ್ಜುವ ಕ್ರಮ

ಬ್ಯಾಟರಿಯ ಸಂಪರ್ಕ ತೆಗೆದು, ಚಕ್ರಗಳಿಗೆ ಕಟ್ಟೆ ಕೊಟ್ಟು ಆರಂಭಿಸಬೇಕು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕುವುದು ಪ್ರಾಣಕ್ಕೇ ಸಂಚಕಾರ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕ್ ಬೇಕು. ಹಳೆಯ ಕಾರಿನ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯುಂಟು; ಆ ಧೂಳು ಮಕ್ಕಳಿಗೆ ವಿಶೇಷವಾಗಿ ಅಪಾಯಕಾರಿ. ಹಾಗಾಗಿ ಒಣದಾಗಿ ಉಜ್ಜುವ ಬದಲು ನೀರು ಹಾಕಿ ಉಜ್ಜುವುದು, ಕೆಸರನ್ನು ಹಳೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದು, ಮಕ್ಕಳನ್ನು ಹತ್ತಿರ ಬಿಡದಿರುವುದು ಕಡ್ಡಾಯ.

ತುಕ್ಕಿನ ಸುತ್ತ ಒಳ್ಳೆಯ ಬಣ್ಣವನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಬೇಕು. ಜಿಡ್ಡು, ಹಳೆಯ ಪಾಲಿಶ್ ಹೋಗಲು ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ಥಿನ್ನರ್ ಬಳಸಬಾರದು: ಹಳೆಯ ಲ್ಯಾಕರ್ ಬಣ್ಣ ಥಿನ್ನರಿಗೆ ಕರಗಿ ಕೈಗೆ ಬರುತ್ತದೆ. ಪೆಟ್ರೋಲಿನ ಮಾತೇ ಬೇಡ.

ನಿಯಮ ಒಂದೇ: ಅತಿ ಮೃದುವಾದುದರಿಂದ ಶುರುಮಾಡಿ, ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಿಗೆ ಇಳಿಯುವುದು. ರಬ್ಬಿಂಗ್ ಕಾಂಪೌಂಡಿಗೆ ಹೋಗುವ ಕಲೆಗೆ ವಾಟರ್ ಪೇಪರ್ ಬೇಡ. ಬಣ್ಣ ಹೋದ ಜಾಗದ ಪುಡಿತುಕ್ಕಿಗೆ 400 ನಂಬರಿನ ವಾಟರ್ ಪೇಪರನ್ನು ಸೋಪಿನ ನೀರಿನಲ್ಲಿ ಅದ್ದಿ, ಸಣ್ಣ ರಬ್ಬರ್ ತುಂಡಿಗೆ ಸುತ್ತಿ, ಹೆಚ್ಚು ಒತ್ತದೆ ಉಜ್ಜಿದರೆ ಸಾಕಾಗುತ್ತದೆ. ಬೆರಳಿನಿಂದಲೇ ಒತ್ತಿ ಉಜ್ಜಿದರೆ ಬೆರಳಿನ ಗೆರೆಗಳು ತಗಡಿನಲ್ಲಿ ಹಳ್ಳವಾಗುತ್ತವೆ, ಬಣ್ಣ ಬಳಿದ ಮೇಲೆ ಎದ್ದು ಕಾಣುತ್ತವೆ. ಹಟಮಾರಿ ತುಕ್ಕಿಗೆ 220ರವರೆಗೆ ಇಳಿಯಬಹುದು. ಅದಕ್ಕೂ ಜಗ್ಗದಿದ್ದರೆ ಕಾಗದವನ್ನು ಇನ್ನೂ ಒರಟು ಮಾಡುವುದಕ್ಕಿಂತ ರಾಸಾಯನಿಕದ ನೆರವು ಪಡೆಯುವುದು ವಾಸಿ. ಡ್ರಿಲ್ಲಿಗೆ ಸಿಕ್ಕಿಸುವ ತಂತಿಯ ಚಕ್ರ ಕೆಲಸ ಬೇಗ ಮುಗಿಸುತ್ತದೆ ನಿಜ. ಚಾಸಿಗೆ, ಜೀಪಿನ ದಪ್ಪ ಬ್ರಾಕೆಟ್ಟಿಗೆ ಅದು ಸರಿ. ಬಾಗಿಲಿನ ತೆಳು ತಗಡಿಗೆ ತಾಗಿಸಿದರೆ ತುಕ್ಕನ್ನು ತೆಗೆಯುವ ಬದಲು ಹೊಳಪು ಮಾಡಿ ಕುಳಿಯೊಳಗೇ ಮುಚ್ಚಿಬಿಡುತ್ತದೆ, ಜೊತೆಗೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ.

ತುಕ್ಕು ಹೋಗಿ ಬೂದು ಬಣ್ಣದ ಲೋಹ ಕಂಡ ಮೇಲೆ, ಸುತ್ತಲ ಬಣ್ಣದ ಅಂಚನ್ನು 320 ಮತ್ತು 600ರಿಂದ ಇಳಿಜಾರಾಗಿ ಸವೆಸಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಮೆಟ್ಟಿಲು ತಾಕಬಾರದು. ಅಂಚಿನ ಬಣ್ಣ ಇನ್ನೂ ಏಳುತ್ತಿದ್ದರೆ ಅದರಡಿಯಲ್ಲಿ ತುಕ್ಕು ಹರಿದಿದೆ. ಗಟ್ಟಿ ಬಣ್ಣ ಸಿಗುವವರೆಗೆ ಹಿಂಬಾಲಿಸಿ ಹೋಗಲೇಬೇಕು.

ಹುಳಿಗಳ ಕತೆ

ತುಕ್ಕಿಗೆ ಹುಳಿ ಮದ್ದು ಎಂಬುದು ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿದವರಿಗೆಲ್ಲ ಗೊತ್ತು. ಆಮ್ಲ ಆಕ್ಸೈಡನ್ನು ಕರಗಿಸುತ್ತದೆ, ಸಿಟ್ರಿಕ್‌ನಂಥ ಆಮ್ಲಗಳು ಕಬ್ಬಿಣದ ಅಯಾನುಗಳನ್ನು ಹಿಡಿದಿಟ್ಟುಕೊಂಡು ನೀರಿನಲ್ಲೇ ಕರಗಿದಂತೆ ಇರಿಸುತ್ತವೆ. ಕೊಡಗಿನ ಅಡುಗೆಮನೆಯಲ್ಲಿ ಹುಳಿಯೆಂದರೆ ಕಾಚಂಪುಳಿ. ಅದೂ ತುಕ್ಕು ಕರಗಿಸಬಲ್ಲದು. ಆದರೆ ಕಾಯಿಸಿ ಇಳಿಸಿದ ಆ ಕಪ್ಪು ಅಂಟುರಸವನ್ನು ಮಡ್‌ಗಾರ್ಡಿಗೆ ಬಳಿಯುವುದು ಪಂದಿಕರಿಗೆ ಮಾಡುವ ಅನ್ಯಾಯ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ ಅಗ್ಗ, ಶುದ್ಧ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಹಾಕಿದ ದ್ರಾವಣದಲ್ಲಿ ಬಿಚ್ಚಿ ತೆಗೆದ ಬ್ರಾಕೆಟ್, ಕೀಲು, ನಟ್‌ಗಳನ್ನು ಕೆಲವು ಗಂಟೆ ಮುಳುಗಿಸಿ, ಆಗಾಗ ಬ್ರಷ್ಷಿನಿಂದ ತಿಕ್ಕಿ ನೋಡಬೇಕು. ರಾತ್ರಿಯಿಡೀ ಮರೆತುಬಿಟ್ಟರೆ ಒಳ್ಳೆಯ ಲೋಹವೂ ಕರಗತೊಡಗುತ್ತದೆ. ತೆಗೆದ ಮೇಲೆ ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿ ಹುಳಿ ಮುರಿದು, ತೊಳೆದು, ಆಗಲೇ ಒಣಗಿಸಬೇಕು.

ಬಿಚ್ಚಲಾಗದ ಬಾಗಿಲಿಗೆ, ಬಾನೆಟ್ಟಿಗೆ ಇದನ್ನೇ ಹತ್ತಿಯಲ್ಲಿ ನೆನೆಸಿ ತುಕ್ಕಿನ ಮೇಲೆ ಇಟ್ಟು ಪ್ಲಾಸ್ಟಿಕ್ ಮುಚ್ಚಬಹುದು. ಮಡಿಕೆಯಿರುವ ಕಡೆ, ಎರಡು ತಗಡು ಸೇರುವ ಸಂದಿನಲ್ಲಿ ಮಾತ್ರ ಯಾವ ಹುಳಿಯನ್ನೂ ಬಿಡಬಾರದು. ಒಳಗೆ ಹೋದದ್ದನ್ನು ತೊಳೆಯಲಾಗುವುದಿಲ್ಲ. ಸ್ಪ್ರಿಂಗ್ ಪಟ್ಟಿಗಳಿಗೆ, ಬಿಗಿ ಹೊರುವ ಗಟ್ಟಿ ಬೋಲ್ಟುಗಳಿಗೆ ಆಮ್ಲ ಬೇಡವೇ ಬೇಡ. ಅದರಿಂದ ಹುಟ್ಟುವ ಜಲಜನಕ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ.

ಬಚ್ಚಲು ತೊಳೆಯುವ ಆಸಿಡ್ ಬಗ್ಗೆ ಒಂದು ಮಾತು. ಅದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕನ್ನು ಕ್ಷಣದಲ್ಲಿ ತಿನ್ನುವುದನ್ನು ನೋಡಿ ಮರುಳಾಗುವವರು ಬಹಳ. ಅದು ಬಿಟ್ಟುಹೋಗುವ ಕ್ಲೋರೈಡ್ ಲೋಹದ ಸೂಕ್ಷ್ಮ ರಂಧ್ರಗಳಲ್ಲಿ ಉಳಿದು ಮತ್ತೆ ತುಕ್ಕು ಹುಟ್ಟಿಸುತ್ತದೆ. ಅದರ ಹೊಗೆಗೆ ಶೆಡ್ಡಿನಲ್ಲಿರುವ ಸ್ಪ್ಯಾನರು, ಕತ್ತಿ, ಬೇರೆ ಗಾಡಿಗಳೂ ಕೆಂಪಾಗುತ್ತವೆ. ಅದನ್ನು ಬ್ಲೀಚಿಂಗ್ ಪುಡಿಯ ಜೊತೆ ಸೇರಿಸಿದರೆ ವಿಷಾನಿಲ ಏಳುತ್ತದೆ.

ಹೆಚ್ಚು ಸಾಮಾನಿದ್ದು ಆತುರವಿಲ್ಲದವರಿಗೆ ಕಾಕಂಬಿ ಒಳ್ಳೆಯದು. ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ, ದನದ ಮೇವಿಗೂ ಬೆರೆಸುವ ಈ ಕಪ್ಪು ಪಾಕವನ್ನು ಒಂದಕ್ಕೆ ಒಂಬತ್ತು ಪಾಲು ನೀರು ಸೇರಿಸಿ ಡ್ರಮ್ಮಿನಲ್ಲಿಟ್ಟು ತುಕ್ಕಿನ ಸಾಮಾನು ಮುಳುಗಿಸಿದರೆ ಎರಡು ಮೂರು ವಾರದಲ್ಲಿ ತುಕ್ಕು ಬಿಡುತ್ತದೆ, ಗಟ್ಟಿ ಕಬ್ಬಿಣ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಅಲ್ಯೂಮಿನಿಯಂ, ಸತುವಿನ ಅಚ್ಚಿನ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಬಾರದು. ನಾತವಂತೂ ತಡೆಯಲಾಗದು, ಡ್ರಮ್ಮು ಮನೆಯಿಂದ ದೂರವಿರಲಿ.

ಬ್ಯಾಟರಿ ಚಾರ್ಜರ್ ಇರುವವರು ವಿದ್ಯುತ್ತಿನಿಂದಲೂ ತೆಗೆಯಬಹುದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ನೀರು, ತುಕ್ಕಿನ ಸಾಮಾನಿಗೆ ಋಣ ತಂತಿ, ಎದುರಿಗೆ ನೇತುಹಾಕಿದ ಮಾಮೂಲಿ ಕಬ್ಬಿಣದ ಪಟ್ಟಿಗೆ ಧನ ತಂತಿ. ಎರಡೂ ಒಂದಕ್ಕೊಂದು ತಾಕಬಾರದು. ಸ್ಟೇನ್‌ಲೆಸ್ ಸ್ಟೀಲನ್ನು ಧನ ಕಡೆಗೆ ಹಾಕಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಇಳಿಯುತ್ತದೆ. ಸೋಡಾ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ. ಸರಿಯಾಗಿ ಮಾಡಿದರೂ ಏಳುವ ಗುಳ್ಳೆ ಜಲಜನಕದ್ದು, ಬೆಂಕಿಗೆ ಹೊತ್ತಿಕೊಳ್ಳುವಂಥದ್ದು. ಬಯಲಿನಲ್ಲಿ, ಬೀಡಿ ಸಿಗರೇಟಿನಿಂದ ದೂರ ಮಾಡಬೇಕಾದ ಕೆಲಸ.

ಉಳಿದ ತುಕ್ಕಿಗೆ ಬೇಡಿ

ಎಷ್ಟು ಉಜ್ಜಿದರೂ ಸಣ್ಣ ಕುಳಿಗಳ ತಳದಲ್ಲಿ ಕಪ್ಪುಚುಕ್ಕೆ ಉಳಿಯುತ್ತದೆ. ಅಲ್ಲಿಗೆ ರಸ್ಟ್ ಕನ್ವರ್ಟರ್. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಫಾಸ್ಫಾರಿಕ್ ಆಮ್ಲದ್ದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ಫಾಸ್ಫೇಟ್ ಪದರ ಕಬ್ಬಿಣವನ್ನು ಎಷ್ಟು ಕಾಯಬಲ್ಲದು ಎಂಬುದಕ್ಕೆ ದೆಹಲಿಯ ಕುತುಬ್ ಆವರಣದ ಕಬ್ಬಿಣದ ಕಂಬಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಮೇಲ್ಮೈಯಲ್ಲಿ ಫಾಸ್ಫೇಟಿನ ತೆಳುಪೊರೆ ಬೆಳೆದಿರುವುದನ್ನು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ತಮ್ಮ ಅಧ್ಯಯನಗಳಲ್ಲಿ ವಿವರಿಸಿದ್ದಾರೆ. ದೆಹಲಿಯ ಒಣಹವೆಯೂ ಅದಕ್ಕೆ ನೆರವಾಯಿತೆನ್ನಿ. ಕರ್ನಾಟಕದವರಿಗೆ ಇನ್ನೂ ಹತ್ತಿರದ್ದು ಪಶ್ಚಿಮಘಟ್ಟದ ಜಡಿಮಳೆಯಲ್ಲೇ ನಿಂತಿರುವ ಕೊಡಚಾದ್ರಿಯ ಕಬ್ಬಿಣದ ಕಂಬ. ಎರಡನೆಯ ಬಗೆಯ ಕನ್ವರ್ಟರಿನಲ್ಲಿ ಟ್ಯಾನಿಕ್ ಆಮ್ಲವಿರುತ್ತದೆ. ತುಕ್ಕಿನೊಡನೆ ಸೇರಿ ನೀಲಿಗಪ್ಪು ಬಣ್ಣಕ್ಕೆ ತಿರುಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಹಿಂದೆ ಶಾಯಿ ಮಾಡುತ್ತಿದ್ದದ್ದು ಇದೇ ರಸಾಯನದಿಂದ.

ಕನ್ವರ್ಟರ್ ಬಳಿಯಬೇಕಾದದ್ದು ತುಕ್ಕು ಉಳಿದ ಚುಕ್ಕೆಗೆ, ಸಣ್ಣ ಬ್ರಷ್ಷಿನಲ್ಲಿ. ಅದಕ್ಕೆ ತುಕ್ಕೇ ಆಹಾರ. ಶುದ್ಧ ಲೋಹದ ಮೇಲೆ ಧಾರಾಳ ಸುರಿದರೆ ಒಣಗದೆ ಅಂಟಂಟಾಗಿ ಉಳಿಯುತ್ತದೆ. ಎಷ್ಟು ಹೊತ್ತು ಬಿಡಬೇಕು, ತೊಳೆಯಬೇಕೋ ಬೇಡವೋ ಎಂಬುದು ಒಂದೊಂದು ತಯಾರಿಕೆಗೆ ಒಂದೊಂದು ಬಗೆ. ಡಬ್ಬಿಯ ಮೇಲಿನ ಬರಹವೇ ಪ್ರಮಾಣ. ಪದರತುಕ್ಕಿನ ಮೇಲೆ ಬಳಿದು ಕಪ್ಪಾಯಿತು, ಗುಣವಾಯಿತು ಎಂದುಕೊಳ್ಳುವುದು ಭ್ರಮೆ. ಅದು ಮೇಲ್ಪದರಕ್ಕಷ್ಟೇ ತಾಗಿರುತ್ತದೆ.

ಮುಚ್ಚುವ ಗಳಿಗೆ

ಬರಿಮೈಯಾದ ಉಕ್ಕು ಈ ಊರಿನ ಹವೆಯಲ್ಲಿ ಸಂಜೆಯೊಳಗೇ ಮತ್ತೆ ಕೆಂಪಾಗಬಹುದು. ಹಾಗಾಗಿ ಒಂದು ದಿನಕ್ಕೆ ಒಂದೇ ಭಾಗ: ಬೆಳಿಗ್ಗೆ ಉಜ್ಜಿದ್ದಕ್ಕೆ ಮಧ್ಯಾಹ್ನದೊಳಗೆ ಪ್ರೈಮರ್ ಬೀಳಬೇಕು. ಇಡೀ ಕಾರನ್ನು ಉಜ್ಜಿಟ್ಟು ನಾಳೆ ಬಳಿಯೋಣ ಎಂದರೆ ನಾಳೆ ಮತ್ತೆ ಉಜ್ಜಬೇಕಾಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಟ್ಟು ಅಥವಾ ಹೇರ್ ಡ್ರೈಯರ್ ಹಿಡಿದು, ಲೋಹ ಮುಂಗೈಗೆ ಬೆಚ್ಚಗೆ ತಾಕುವವರೆಗೆ ಒಣಗಿಸಬೇಕು, ಸುಡುವಷ್ಟಲ್ಲ. ಕೊನೆಯದಾಗಿ ಟರ್ಪೆಂಟೈನಿನಲ್ಲಿ ಒಮ್ಮೆ ಒರೆಸಿ, ಅದು ಆರಿದ ಮೇಲೆ ಬರಿಗೈ ತಾಕಿಸಬಾರದು. ಕೈಬೆವರಿನಲ್ಲೂ ಉಪ್ಪಿದೆ.

ಪ್ರೈಮರ್ ಎಂದೊಡನೆ ಅಂಗಡಿಯವರು ಕೊಡುವುದು ರೆಡ್ ಆಕ್ಸೈಡ್. ಗೇಟಿಗೆ, ಕಿಟಕಿ ಸರಳಿಗೆ, ಜೀಪಿನ ತಳಕ್ಕೆ ಅದು ನಡೆಯುತ್ತದೆ. ಆದರೆ ಅದನ್ನಷ್ಟೇ ಬಳಿದು ಬಿಟ್ಟರೆ ತೇವ ನಿಧಾನವಾಗಿ ಒಳಗಿಳಿಯುತ್ತದೆ; ಮೇಲೆ ಬಣ್ಣ ಬೀಳಲೇಬೇಕು. ಕಾರಿನ ಹೊರಮೈಗೆ ಎರಡು ಡಬ್ಬಿಗಳ ಎಪಾಕ್ಸಿ ಪ್ರೈಮರ್ ಹೆಚ್ಚು ಭದ್ರ: ಕಲಸಿದ ಮೇಲೆ ಗಟ್ಟಿಯಾಗುವ ಅದು ನೀರಿಗೆ ಸುಲಭವಾಗಿ ದಾರಿ ಬಿಡುವುದಿಲ್ಲ. ಹಳೆಯ ಬಣ್ಣದ ಜೊತೆ ಹೊಂದುತ್ತದೆಯೇ ಎಂದು ಕಾಣದ ಮೂಲೆಯಲ್ಲಿ ಬಳಿದು ನೋಡುವುದು ಕ್ಷೇಮ. ಸುಕ್ಕು ಎದ್ದರೆ ಬೇರೆ ಬಗೆ ಹುಡುಕಬೇಕು. ತೆಳುವಾಗಿ ಎರಡು ಸಲ, ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಬಿಡುವು.

ಬಣ್ಣದ ಹೊಂದಾಣಿಕೆ ಬೇರೆಯೇ ಕಲೆ. ಹಳೆಯ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಕಂಪನಿಯ ಸಂಖ್ಯೆ ಹೇಳಿ ತಂದ ಬಣ್ಣ ತಾಳೆಯಾಗುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿಕೊಂಡು ಹೋಗಿ, ಅದನ್ನು ಪಾಲಿಶ್ ಮಾಡಿ ತೋರಿಸಿ ಬಣ್ಣ ಬೆರೆಸಿಕೊಂಡು ಬರುವುದು ಒಂದು ದಾರಿ. ಸಣ್ಣ ಜಾಗಕ್ಕೆ ಕುಂಚವೇ ಸಾಕು: ಚುಕ್ಕೆ ಚುಕ್ಕೆಯಾಗಿ, ಸುತ್ತಲ ಬಣ್ಣಕ್ಕಿಂತ ತುಸು ಎತ್ತರಕ್ಕೆ ಬರುವಷ್ಟು ತುಂಬಿ, ಪೂರ್ತಿ ಒಣಗಲು ಕೆಲವು ವಾರ ಬಿಟ್ಟು, ಆಮೇಲೆ 2000 ನಂಬರಿನಲ್ಲಿ ಸಮ ಮಾಡಿ ಕಾಂಪೌಂಡ್ ಹಾಕಬೇಕು. ಪಾಲಿಶ್ ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಗಾಬರಿ ಬೇಡ. ಆ ಕಾಲದ ಬಣ್ಣಗಳ ಮೇಲೆ ಪಾರದರ್ಶಕ ಪದರ ಇರುತ್ತಿರಲಿಲ್ಲ, ಹತ್ತುವುದು ಸಹಜ. ಅಂಚುಗಳ ಮೇಲೆ ಮಾತ್ರ ಕೈ ಹಗುರಾಗಿರಲಿ, ಅಲ್ಲಿ ಬಣ್ಣ ಬೇಗ ಸವೆದು ತಗಡು ಕಾಣಿಸುತ್ತದೆ.

ಕ್ರೋಮಿನ ಬಂಪರ್, ದೀಪದ ಬಳೆಗಳ ಮೇಲಿನ ಕಂದು ಚುಕ್ಕೆಗಳಿಗೆ ವಾಟರ್ ಪೇಪರ್ ಮುಟ್ಟಿಸಬಾರದು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮುದುರಿ ನೀರಿನಲ್ಲಿ ಅದ್ದಿ ಉಜ್ಜಿದರೆ ತುಕ್ಕು ಹೋಗುತ್ತದೆ, ಕ್ರೋಮ್ ಅಲ್ಯೂಮಿನಿಯಮ್ಮಿಗಿಂತ ಗಟ್ಟಿಯಾದ್ದರಿಂದ ಗೀರು ಬೀಳುವುದಿಲ್ಲ. ಆದರೆ ಆ ಚುಕ್ಕೆಗಳು ಕ್ರೋಮಿನ ಸೂಕ್ಷ್ಮ ತೂತುಗಳ ಮೂಲಕ ಅಡಿಯ ಉಕ್ಕಿನಿಂದ ಬಂದವು. ತೂತು ಮುಚ್ಚುವುದು ಮರುಲೇಪನದಿಂದ ಮಾತ್ರ. ಅಲ್ಲಿಯವರೆಗೆ ಮೇಣ.

ಮತ್ತೆ ನಿಲ್ಲಿಸುವಾಗ

ಮಳೆಗಾಲಕ್ಕೆ ಮೊದಲು ಗಾಡಿಯ ತಳಕ್ಕೆ ಹಳೆಯ ಎಂಜಿನ್ ಆಯಿಲ್ ಹೊಡೆಸುವ ರೂಢಿ ಮಲೆನಾಡಿನಲ್ಲಿದೆ. ತುಕ್ಕನ್ನು ಅದು ತಡೆಯುವುದು ನಿಜ. ಆದರೆ ರಬ್ಬರ್ ಬುಷ್ಷುಗಳು ಊದಿ ಹಾಳಾಗುತ್ತವೆ, ಬ್ರೇಕಿಗೆ ತಾಗಿದರೆ ಅಪಾಯ, ತೊಟ್ಟಿಕ್ಕಿದ ಎಣ್ಣೆ ತೋಟದ ಮಣ್ಣಿಗೂ ತೋಡಿಗೂ ಸೇರುತ್ತದೆ. ಬಳಸಿದ ಎಣ್ಣೆಯಲ್ಲಿ ಎಂಜಿನ್ನಿನ ಆಮ್ಲಾಂಶವೂ ಇರುತ್ತದೆ. ತಳಕ್ಕೂ ಬಾಗಿಲು, ಚಾಸಿಗಳ ಟೊಳ್ಳುಗಳಿಗೂ ಅದಕ್ಕೆಂದೇ ತಯಾರಾದ ಮೇಣದ ಸ್ಪ್ರೇ ಬಳಸುವುದು ದುಬಾರಿಯಾದರೂ ಸರಿಯಾದ ದಾರಿ. ನೀರು ಸೋರುವ ಕಿಂಡಿಗಳು ಅದರಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ನೆಲ ಮಣ್ಣಿನದಾದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಹಲಗೆ ಇಟ್ಟು ಗಾಡಿ ನಿಲ್ಲಿಸಬೇಕು. ಹೊದಿಕೆ ಗಾಳಿಯಾಡುವ ಬಟ್ಟೆಯದಾಗಿರಲಿ. ಟಾರ್ಪಾಲನ್ನು ಸೂರು ಸೋರುವ ಕಡೆ ಮೇಲೆ ಕಟ್ಟಬಹುದು, ಕಾರಿಗೆ ಸುತ್ತಬಾರದು. ಶೆಡ್ಡಿನ ಎದುರುಬದುರಿಗೆ ಎರಡು ಗಾಳಿಕಿಂಡಿ ಇದ್ದರೆ ಒಳ್ಳೆಯದು. ದಿನಕ್ಕೆರಡು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು: ಸೈಲೆನ್ಸರಿನಲ್ಲಿ ನೀರು ಕಟ್ಟುತ್ತದೆ, ಅದನ್ನು ಒಣಗಿಸುವಷ್ಟು ಬಿಸಿ ಏಳುವುದಿಲ್ಲ. ಮಳೆ ಬಿಟ್ಟ ದಿನ ಗಾಡಿಯನ್ನು ಕುಟ್ಟದ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ತಂದರೆ ಎಂಜಿನ್, ಬ್ರೇಕ್, ಸೈಲೆನ್ಸರ್ ಎಲ್ಲವೂ ಒಣಗುತ್ತವೆ. ಓಡಿಸಿ ಬಂದ ಬಿಸಿ ಗಾಡಿಗೆ ತಕ್ಷಣ ಹೊದಿಕೆ ಹಾಕಬಾರದು.

ಜೂನ್ ಬಂದ ಮೇಲೆ ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡುವುದು ಸಾಕು. ಆಗ ಹೊಸ ಕೆಂಪು ಚುಕ್ಕೆ ಕಂಡರೆ ವಾಟರ್ ಪೇಪರ್ ಹುಡುಕಬೇಕಿಲ್ಲ. ಒಣಬಟ್ಟೆಯಲ್ಲಿ ಒರೆಸಿ, ಮೇಣವನ್ನೋ ತೆಳು ಗ್ರೀಸನ್ನೋ ಸವರಿ, ಜಾಗವನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಆಯಿತು. ಉಜ್ಜುವ ಕೆಲಸ ಮುಂದಿನ ಫೆಬ್ರುವರಿಗೆ.